ಸೀಸದ ದಂಡು, ಮನೆಯ ಕಾಯ್ದಾ

ಹೋದ ತಿಂಗಳು ಅಫಜಲಪುರದಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಪಕ್ಕದ ಬ್ಯಾಟರಿ ಅಂಗಡಿಯಿಂದ ಸೀಸ ಕರಗಿಸುವ ವಾಸನೆ ಬಂತು. ಕಬ್ಬಿಣದ ಸೌಟಿನಲ್ಲಿ ಬೂದಿಬಣ್ಣದ ಕೆನೆ ಕಟ್ಟಿದ್ದ ಲೋಹವನ್ನು ಒಬ್ಬ ಹುಷಾರಾಗಿ ಅಲುಗಾಡಿಸುತ್ತಿದ್ದ. ಮೂಗು ಮುಚ್ಚಿಕೊಳ್ಳುವ ಬದಲು ನಾನು ಹತ್ತಿರ ಹೋದೆ. "ಹೊಗಿ ಚಲೋ ಅಲ್ರಿ, ಜರಾ ಆ ಕಡೆ ಸರೀರಿ" ಎಂದ ಅವನು. ಸರಿದು ನಿಂತೆ. ಆದರೆ ಬಸ್ಸು ಬಂದು, ಅದರಲ್ಲಿ ಕೂತು ಊರು ದಾಟಿದ ಮೇಲೂ ನನ್ನ ಮನಸ್ಸು ಮಣ್ಣೂರಿನಲ್ಲೇ ಇತ್ತು. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಭೀಮಾ ನದಿಯ ದಂಡೆಯ ಮೇಲೆ.

ಆ ವರ್ಷ ನನಗೆ ಮೊದಲ ನೌಕರಿ ಸಿಕ್ಕಿತ್ತು. ಹಂಗಾಮಿ ನೌಕರಿ. ಮಳೆಗಾಲ ಮುಗಿದರೆ ಅದೂ ಮುಗಿಯುತ್ತಿತ್ತು. ಹೊಳೆಯ ದಂಡೆಯಲ್ಲಿ ಸಾಲಾಗಿ ನೆಟ್ಟಿದ್ದ, ಅಳತೆಯ ಗೀಟು ಬಳಿದ ಕಲ್ಲುಗಳನ್ನು ನೋಡಿ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬೆಳಿಗ್ಗೆ ಸಂಜೆ ಅಂಚೆ ಕಚೇರಿಯ ಫೋನಿನಿಂದ ಮೇಲಿನವರಿಗೆ ಹೇಳಬೇಕು. ಅಷ್ಟೇ ಕೆಲಸ. ನಾನು ಜೇವರ್ಗಿ ಕಡೆಯ ನೆಲೋಗಿಯವನು. ಮಳೆ ಬಂದರೆ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಚಪ್ಪಲಿ ಕಿತ್ತುಕೊಳ್ಳುವುದು ಗೊತ್ತಿತ್ತೇ ಹೊರತು, ಅಷ್ಟೊಂದು ನೀರು ದಿನಾ ಕಣ್ಣೆದುರಿಗೆ ಸದ್ದಿಲ್ಲದೆ ಹರಿಯುವುದನ್ನು ನೋಡಿದವನಲ್ಲ. ಮೊದಲ ವಾರವೆಲ್ಲ ಕೆಲಸ ಮುಗಿದ ಮೇಲೂ ಸುಮ್ಮನೆ ದಂಡೆಯ ಮೇಲೆ ಕೂತಿರುತ್ತಿದ್ದೆ.

ಇಳಿದುಕೊಂಡಿದ್ದು ಸಿದ್ದನಗೌಡರ ಮನೆಯಲ್ಲಿ. ಊರಿನ ಎತ್ತರದ ಭಾಗದಲ್ಲಿದ್ದ ಕಲ್ಲಿನ ಮಾಳಿಗೆ ಮನೆ. ಗೌಡರಿಗೆ ಅರವತ್ತರ ಸುಮಾರು, ಹೆಂಡತಿ ತೀರಿಕೊಂಡಿದ್ದರು, ಮಗ ಸೊಲ್ಲಾಪುರದಲ್ಲಿ ಅಡತಿ ದಲಾಲಿ ವ್ಯಾಪಾರ ಮಾಡಿಕೊಂಡಿದ್ದ. ಮನೆಯನ್ನು ನಡೆಸುತ್ತಿದ್ದವರು ಗೌಡರ ಅಕ್ಕ ಗಂಗಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಂದಿನಿಂದ ಬೀಗದ ಕೈಗೊಂಚಲು ಅವರ ಸೊಂಟದಲ್ಲೇ. ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನೋಡಿದ ಮೇಲೆಯೇ ಅವರು ಪಡಸಾಲೆಯ ಪಕ್ಕದ ಕೋಣೆಯ ಬಾಗಿಲು ತೆಗೆದದ್ದು. ಆ ಮನೆಯಲ್ಲಿ ಯಾರು ಎಲ್ಲಿಯವರೆಗೆ ಬರಬೇಕು ಎಂಬುದಕ್ಕೆ ಕಾಯ್ದಾ ಇತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಲವರು ಪಡಸಾಲೆಗೆ ಬಂದು ಜಮಖಾನೆಯ ಮೇಲೆ ಕೂರುತ್ತಿದ್ದರು, ಕೆಲವರು ಕಟ್ಟೆಯ ಅಂಚಿಗೆ, ಕೆಲವರು ಅಂಗಳದಲ್ಲಿ, ಕೆಲವರು ಹಿತ್ತಲ ಬಾಗಿಲಿನ ಆಚೆ. ಬಂದವರ ಕಾಲುಗಳಿಗೇ ಅದು ಗೊತ್ತಿತ್ತು.

ಹೊಳೆಯಲ್ಲಿ ನನಗೆ ಜೊತೆಯಾದವನು ಅಂಬಿಗರ ಭೀಮಶಾ. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ದೋಣಿ ನಡೆಸುತ್ತಿದ್ದ, ಮೀನು ಹಿಡಿಯುತ್ತಿದ್ದ. ಒಂದು ಮಧ್ಯಾಹ್ನ ಅವನು ದಂಡೆಯ ಮೇಲೆ ಮೂರು ಕಲ್ಲಿಟ್ಟು ಬೆಂಕಿ ಮಾಡಿ, ಬಲೆಗೆ ಕಟ್ಟುವ ಗುಂಡುಗಳಿಗಾಗಿ ಸೀಸ ಕರಗಿಸುತ್ತಿದ್ದ. ಸೊಲ್ಲಾಪುರದ ಗುಜರಿ ಬಜಾರಿನಲ್ಲಿ ತೂಕದ ಮೇಲೆ ತಂದಿದ್ದ ಸೀಸ ಒಂದು ಗೋಣಿಯ ತುಂಡಿನಲ್ಲಿತ್ತು. ಸೌಟಿಗೆ ಹಾಕಲು ಅವನು ಕೈಗೆತ್ತಿಕೊಂಡದ್ದರಲ್ಲಿ ರೆಕ್ಕೆ ಕಂಡಂತಾಗಿ ನಾನು ಅವನ ಮುಂಗೈ ಹಿಡಿದೆ.

ಹೆಬ್ಬೆರಳಿನಷ್ಟು ಉದ್ದದ ಒಂದು ಹಾವು. ಅದಕ್ಕೆ ಬಾವಲಿಯ ರೆಕ್ಕೆ, ನಾಲ್ಕು ಕಾಲು. ಗೋಣಿ ಬಿಚ್ಚಿ ನೋಡಿದರೆ ಇಡೀ ಒಂದು ದಂಡೇ ಇತ್ತು. ಕೊಡಲಿ ಹಿಡಿದ ಗಡ್ಡದ ಗಿಡ್ಡರು, ಕುದುರೆಯ ಮೇಲೆ ಕಬ್ಬಿಣದ ಅಂಗಿ ತೊಟ್ಟವರು, ಬರೀ ಎಲುಬಿನ ಗೂಡಾಗಿದ್ದರೂ ಕತ್ತಿ ಬಿಡದ ಸೈನಿಕರು, ಉದ್ದನೆಯ ಟೊಪ್ಪಿಗೆ ಹಾಕಿ ಕೋಲು ಹಿಡಿದ ಒಬ್ಬ ಮಂತ್ರವಾದಿ. ಗಿಡ್ಡರ ಗಡ್ಡದ ಒಂದೊಂದು ಎಳೆಯೂ ಕಾಣುತ್ತಿತ್ತು. ಯಾವ ದೇಶದ ಯಾವ ಮನೆಯಿಂದ ಮುಂಬೈಗೆ ಬಂದು ಅಲ್ಲಿಂದ ಗುಜರಿಗೆ ಬಿದ್ದಿದ್ದವೋ. ತಳದಲ್ಲಿ ಮಡಿಚಿದ್ದ, ಅರ್ಧ ಹರಿದ ಒಂದು ಇಂಗ್ಲಿಷ್ ಹಾಳೆ ಇತ್ತು. ನನ್ನ ಬಿ.ಎ. ಇಂಗ್ಲಿಷಿಗೆ ಅದರಲ್ಲಿ ದಕ್ಕಿದ್ದಿಷ್ಟು: ಇದು ಮೇಜಿನ ಮೇಲೆ ಆಡುವ ಯುದ್ಧದಾಟ, ಸೈನಿಕರು ಅಳತೆ ಹಿಡಿದು ನಡೆಯುತ್ತಾರೆ, ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮಿಕ್ಕ ಕಾಯ್ದಾಗಳಿದ್ದ ಹಾಳೆಗಳು ಇರಲಿಲ್ಲ.

"ಇವನ್ನ ಕರಗಿಸ್ತೀಯೇನೋ?" ಎಂದೆ.

ಭೀಮಶಾ ಎಲುಬಿನವನೊಬ್ಬನನ್ನು ಅಂಗೈಯಲ್ಲಿಟ್ಟು ನೋಡಿದ. "ನನಗೂ ಆಡಾಕ ಕರೀತೀರಿ ಅಂದ್ರ ಕರಗ್ಸಂಗಿಲ್ರಿ ಸಾಹೇಬ್ರ" ಎಂದ. ಆ ವಾರವೇ ಅಫಜಲಪುರದ ಬ್ಯಾಟರಿ ಅಂಗಡಿಯಿಂದ ಹಳೆಯ ಸೀಸದ ತಟ್ಟೆಗಳನ್ನು ತಂದು ಅವನ ಬಲೆಗೆ ಗುಂಡು ಮಾಡಿಕೊಂಡೆವು. ಗೊಂಬೆಗಳು ಅವನ ಮೀನಿನ ಬುಟ್ಟಿಯಲ್ಲಿ ಉಳಿದವು.

ಮೊದಲು ದಂಡೆಯ ಮರಳಿನ ಮೇಲೆ ಆಡಿದೆವು. ಮಳೆ ಹಿಡಿದ ಮೇಲೆ ಗೌಡರ ಪಡಸಾಲೆಗೆ ಬಂದೆವು. ನಾನು ಜಮಖಾನೆಯ ಮೇಲೆ, ಭೀಮಶಾ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ನಡುವೆ ಒಂದು ಹಲಗೆ. ಗೌಡರು ಎರಡು ದಿನ ದೂರದಿಂದ ನೋಡಿ ನಕ್ಕರು. ಮೂರನೆಯ ದಿನ ಹತ್ತಿರ ಬಂದು, ಕುದುರೆಯವರನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡು, "ಇವು ನನ್ನವು" ಎಂದು ಕೂತರು.

ಜಗಳ ಅಂದೇ ಸುರುವಾಯಿತು. ಸೈನಿಕ ಒಂದು ಸಲಕ್ಕೆ ಒಂದು ಗೇಣು ನಡೆಯಬೇಕು ಎಂದು ನಾವು ಮಾಡಿಕೊಂಡಿದ್ದೆವು. ಗೌಡರ ಕೈ ದೊಡ್ಡದು. ಅವರ ಕುದುರೆಗಳು ಎರಡೇ ನೆಗೆತಕ್ಕೆ ಹಲಗೆಯ ಈಚೆ ಬಂದು ನಿಂತವು.

"ಗೌಡ್ರ, ನಿಮ್ಮ ಗೇಣು ಬ್ಯಾರೆ, ನನ್ನ ಗೇಣು ಬ್ಯಾರೆ" ಎಂದ ಭೀಮಶಾ.

"ಅದಕ್ಕ ನಾ ಏನ್ ಮಾಡ್ಲಿ? ದೇವರು ಕೊಟ್ಟ ಕೈ."

"ಹಂಗಂದ್ರ ಇದು ಆಟ ಅಲ್ರಿ."

ಗೌಡರಿಗೆ ಹಾಗೆ ಎದುರು ಹೇಳುವವರು ಊರಿನಲ್ಲಿ ಕಡಿಮೆ.  ಗೌಡರು ಮೀಸೆ ಸವರಿಕೊಂಡು ಎದ್ದುಹೋಗಿ, ಹಿತ್ತಲಿನಿಂದ ಒಂದು ಜೋಳದ ದಂಟು ಮುರಿದು ತಂದರು. "ಇದು ಇಬ್ಬರಿಗೂ ಒಂದs. ಇನ್ನ ಬಾಯಿ ಮುಚ್ಚು" ಎಂದರು. ಅದು ನಮ್ಮ ಮೊದಲ ಕಾಯ್ದಾ. ಆಮೇಲೆ ಒಂದೊಂದಾಗಿ ಹುಟ್ಟಿದವು. ದಾಳದ ಬದಲು ಕವಡೆ. ಜೋಳದ ಚೀಲ ಗುಡ್ಡ, ಅದನ್ನು ಹತ್ತುವವನಿಗೆ ಅರ್ಧ ದಂಟಿನ ನಡಿಗೆ. ಹರಿದ ನೀಲಿ ಸೀರೆಯ ಅಂಚು ಹೊಳೆ, ಕಬ್ಬಿಣದ ಅಂಗಿಯವರು ಅದನ್ನು ಈಜುವಂತಿಲ್ಲ. ಈ ಕೊನೆಯದು ಭೀಮಶಾನ ಹಟ. "ಕಬ್ಬಿಣ ಹಾಕ್ಕೊಂಡು ನನ್ನ ಹೊಳ್ಯಾಗ ಇಳೀಲಿ, ನೋಡೂಣು" ಎಂದಿದ್ದ. ಮಂತ್ರವಾದಿ ಏನು ಮಾಡಬಲ್ಲ ಎಂಬುದು ಮಾತ್ರ ಬಗೆಹರಿಯಲೇ ಇಲ್ಲ. ಹರಿದ ಹಾಳೆ ಅವನ ಹೆಸರು ಬಂದಲ್ಲಿಗೇ ಮುಗಿದಿತ್ತು.

ಅದನ್ನು ಬಗೆಹರಿಸಿದವರು ಶಾಂತಾಬಾಯಿ. ಅವರು ಊರಿನ ಆರೋಗ್ಯ ಉಪಕೇಂದ್ರದ ನರ್ಸು. ಆಳಂದ ತಾಲೂಕಿನ ಹಿರೋಳ್ಳಿಯವರು, ಬೌದ್ಧರಾದ ದಲಿತರ ಮನೆತನ. ಮೂವತ್ತು ದಾಟಿದ್ದ, ನಗು ಕಡಿಮೆ ಇದ್ದ ಹೆಂಗಸು. ಗಂಗಮ್ಮನವರ ಮಂಡಿನೋವಿಗೆ ಎಣ್ಣೆ, ಗುಳಿಗೆ ಕೊಡಲು ವಾರಕ್ಕೊಮ್ಮೆ ಬರುತ್ತಿದ್ದರು, ಹಿತ್ತಲ ಬಾಗಿಲಿಗೆ. ಗಂಗಮ್ಮ ಹೊಸ್ತಿಲ ಒಳಗೆ ಕೂತು ಕಾಲು ಚಾಚುತ್ತಿದ್ದರು, ಶಾಂತಾಬಾಯಿ ಹೊರಗಿನಿಂದಲೇ ಕೇಳಿ ಔಷಧ ಇಟ್ಟುಹೋಗುತ್ತಿದ್ದರು. ಒಂದು ದಿನ ಮಳೆ ಜೋರಾಗಿ, ಅವರು ಮನೆಯನ್ನು ಬಳಸಿ ಬಂದು ಪಡಸಾಲೆಯ ಸೂರಿನ ಕೆಳಗೆ, ಅಂಗಳದಲ್ಲಿ ನಿಂತರು. ನಿಂತವರು ಆಟವನ್ನು ನೋಡತೊಡಗಿದರು.

"ಬಿದ್ದವರೆಲ್ಲಾ ಸತ್ತೇಬಿಟ್ರೇನ್ರಿ?" ಎಂದು ಕೇಳಿದರು ಒಮ್ಮೆಲೇ.

"ಮತ್ತ? ಹೊಡತ ಬಿತ್ತು, ಸತ್ತ" ಎಂದರು ಗೌಡರು.

"ಹಂಗ ಇರಂಗಿಲ್ರಿ. ಬಿದ್ದವರು ಅರ್ಧಕ್ಕರ್ಧ ಬರೇ ಗಾಯ ಆದವರು ಇರ್ತಾರ. ಯಾರರೇ ಹೊತ್ಕೊಂಡು ಹಿಂದ ತಂದ್ರ ಉಳೀತಾರ. ಈ ಟೊಪ್ಪಿಗಿಯವನ ಕೆಲಸ ಅದs ಯಾಕ ಆಗಬಾರದು?"

ನಾವು ಮೂವರೂ ಹಲಗೆಯನ್ನು ನೋಡಿದೆವು. ಆ ಒಂದು ಮಾತಿನಿಂದ ಆಟವೇ ಬೇರೆಯಾಯಿತು. ಅದುವರೆಗೆ ಮುಂದೆ ನುಗ್ಗುವುದಷ್ಟೇ ಲೆಕ್ಕವಾಗಿತ್ತು. ಈಗ ಬಿದ್ದವನನ್ನು ಬಿಟ್ಟು ಮುಂದೆ ಹೋಗುವುದೋ, ಅವನಿಗಾಗಿ ಇಬ್ಬರನ್ನು ಹಿಂದೆ ಕಳಿಸುವುದೋ ಎಂದು ಯೋಚಿಸಬೇಕಾಯಿತು. ಗೌಡರಿಗೆ ಎಷ್ಟು ಹಿಡಿಸಿತೆಂದರೆ, "ನೀನೂ ಒಂದು ದಂಡು ತಗೋಬೇ. ಗಿಡ್ಡರು ಹಂಗೇ ಬಿದ್ದಾರ. ಅಲ್ಲೇ ನಿಂತು ಹೇಳು, ಮಲ್ಲಣ್ಣ ನಡಸ್ತಾನ" ಎಂದು ನನ್ನ ಕಡೆ ಕೈ ತೋರಿಸಿದರು.

ಶಾಂತಾಬಾಯಿ ನೆನೆದ ಸೆರಗನ್ನು ಹಿಂಡಿಕೊಂಡರು. "ನಿಂತು ಆಡೂ ಆಟ ಅಲ್ರಿ ಇದು" ಎಂದು ಹೇಳಿ ಮಳೆಯಲ್ಲೇ ಹೊರಟುಹೋದರು. ದನಿ ಏರಿಸಿರಲಿಲ್ಲ. ಅದಕ್ಕೇ ಇರಬೇಕು, ಗೌಡರಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಮರುದಿನ ಭೀಮಶಾ ಬಂದ, ಆದರೆ ಕೂರಲಿಲ್ಲ. ಕಟ್ಟೆಯ ಮೇಲಿದ್ದ ಬುಟ್ಟಿಯನ್ನು ಎತ್ತಿಕೊಂಡ. "ಕಾಲು ಇಳಿಬಿಟ್ಟು ಕುಂತು ನನಗೂ ಜೋಮು ಹಿಡದದ್ರಿ ಗೌಡ್ರ" ಎಂದ. "ಸಿಸ್ಟರ್ ಬಾಯಾರ ಪಡಸಾಲ್ಯಾಗ ಚಾಪಿ ಅದ. ಎಲ್ಲರೂ ಅಲ್ಲೇ ಕುಂದ್ರತೇವು."

ಹೀಗೆ ಆಟ ಕೆಳಗಿನ ಓಣಿಗೆ, ಹೊಳೆಯ ಹತ್ತಿರ ಶಾಂತಾಬಾಯಿ ವಾಸವಾಗಿದ್ದ ಉಪಕೇಂದ್ರಕ್ಕೆ ಇಳಿಯಿತು. ಅಲ್ಲಿ ಅಂಗಳಕ್ಕೆ ತಗಡಿನ ಚಪ್ಪರ, ಮಣ್ಣಿನ ಗೋಡೆ, ಒಂದು ಚಾಪೆ. ಶಾಂತಾಬಾಯಿಯ ಮನೆಗೂ ಅದರದೇ ಕಾಯ್ದಾ ಇತ್ತು: ಮೊದಲು ಎಲ್ಲರೂ ಚಹಾ ಕುಡಿಯಬೇಕು, ಆಮೇಲೆ ಆಟ. ಮೊದಲ ದಿನ ನಾನು ಲೋಟ ಹಿಡಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ಕುಡಿದೆ. ಶುಂಠಿ ಹೆಚ್ಚಾಗಿತ್ತು.

ಮೇಲಿನ ಪಡಸಾಲೆಯಲ್ಲಿ ಜೋಳದ ಚೀಲದ ಗುಡ್ಡಗಳು ಹಾಗೇ ಇದ್ದವು. ಅವನ್ನು ತೆಗೆಯಲು ಗೌಡರು ಬಿಡಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಊಟಕ್ಕೆ ಕೂತಾಗ ತಟ್ಟೆಯಿಂದ ಕಣ್ಣೆತ್ತದೆ, "ಯಾರು ಗೆದ್ರು?" ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. "ಹಾರೂ ಹಾವು ಒಂದs ಪಾಳಿಗೆ ಎರಡು ಸಲ ಹೊಡಿಯೂದು ಬರೋಬರ್ ಅಲ್ಲ. ಹೇಳು ಅವರಿಗೆ" ಎನ್ನುತ್ತಿದ್ದರು. ಮರುದಿನ ನಾನು ಅದನ್ನು ಕೆಳಗೆ ಒಯ್ಯುತ್ತಿದ್ದೆ. "ಗೌಡ್ರು ಹೇಳಿದ್ದು ಖರೇ ಅದ" ಎಂದು ಶಾಂತಾಬಾಯಿ ಒಪ್ಪಿಕೊಂಡದ್ದೂ ಉಂಟು, "ಇಲ್ಲಿ ಆಡದವರ ಕಾಯ್ದಾ ಇಲ್ಲಿ ನಡಿಯಂಗಿಲ್ಲ" ಎಂದು ತಳ್ಳಿಹಾಕಿದ್ದೂ ಉಂಟು. ಗಂಗಮ್ಮ ರೊಟ್ಟಿ ಬಡಿಯುತ್ತ ಈ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಶ್ರಾವಣದ ಒಂದು ಬೆಳಿಗ್ಗೆ ಗೌಡರು ಕೊಡೆ ಹಿಡಿದು ಕೆಳಗಿನ ಓಣಿಗೆ ಬಂದರು. ಓಣಿಯ ಬಾಗಿಲುಗಳಲ್ಲಿ ಜನ ಬಂದು ನಿಂತರು. ಗೌಡರು ಚಪ್ಪರದ ಕೆಳಗೆ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಕೂತು, "ನನ್ನ ಕುದುರಿ ಕೊಡ್ರಿ" ಎಂದರು. ಶಾಂತಾಬಾಯಿ ಕೊಡಲಿಲ್ಲ. ಒಳಗೆ ಹೋಗಿ ಚಹಾ ತಂದು ಅವರ ಮುಂದೆ ಇಟ್ಟರು.

ಗೌಡರು ಆ ಲೋಟವನ್ನು ನೋಡುತ್ತ ಕೂತರು.  ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಚಹಾದ ಮೇಲೆ ಕೆನೆ ಕಟ್ಟಿತು. ಕಡೆಗೆ ಅವರು ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದರು. ಶಾಂತಾಬಾಯಿ ಆ ಚಹಾವನ್ನು ಅಂಗಳಕ್ಕೆ ಚೆಲ್ಲಿ, "ಯಾರ ಪಾಳಿ?" ಎಂದರು. 

ನಾಲ್ಕೈದು ದಿನ ಗೌಡರು ನನ್ನ ಜೊತೆಯೂ ಮಾತಾಡಲಿಲ್ಲ. ಆಮೇಲೆ ಮತ್ತೆ ಬಂದರು. ಈ ಸಲ ಲೋಟ ಇಟ್ಟ ಕೂಡಲೇ ಎತ್ತಿ, ಬಿಸಿ ಎಂದೂ ನೋಡದೆ ಕುಡಿದು, ಕೆಳಗಿಟ್ಟರು. "ಶುಂಠಿ ಭಾಳ ಆಗೇದ" ಎಂದರು.

"ಎಲ್ಲರೂ ಹಂಗs ಅಂತಾರ್ರಿ" ಎಂದು ಶಾಂತಾಬಾಯಿ ಕುದುರೆಗಳನ್ನು ಅವರ ಮುಂದೆ ಸಾಲಾಗಿ ಇಟ್ಟರು.

ಅಂದು ಮನೆಗೆ ಬಂದಾಗ ಗೌಡರ ತಟ್ಟೆ ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂದಿತ್ತು. ಗಂಗಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಮಲ್ಲಣ್ಣ, ನೀನೂ ಕುಡದೀಯೇನು?" ಎಂದು ಕೇಳಿದರು. ಹೌದೆಂದೆ. ನನ್ನ ತಟ್ಟೆಯೂ ಪಡಸಾಲೆಗೆ ಬಂತು. ರೊಟ್ಟಿಯನ್ನು ಅವರು ಮೇಲಿನಿಂದ ಬಿಡುತ್ತಿದ್ದರು, ತಟ್ಟೆಗೆ ಕೈ ತಾಗದ ಹಾಗೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಯಾವುದಕ್ಕೂ ಕಡಿಮೆ ಇರಲಿಲ್ಲ. ಒಡಹುಟ್ಟಿದ ಅಕ್ಕ ತಮ್ಮನಿಗೆ ಹಾಗೆ ಬಡಿಸುವುದನ್ನು ನೋಡುವುದು ಕಷ್ಟವಾಗುತ್ತಿತ್ತು. ಗೌಡರು ಹಾಕಿದ್ದನ್ನು ಉಂಡು ಏಳುತ್ತಿದ್ದರು. ಒಂದು ದಿನ ಮಾತ್ರ, ರೊಟ್ಟಿ ಮುರಿಯುತ್ತ, "ಹಿತ್ತಲ ಬಾಗಲಾಗ ಕೈ ಒಡ್ಡಿ ನಿಂತವರಿಗೆ ಹ್ಯಾಂಗ ಅನಸ್ತಿರಬೇಕು, ಅರವತ್ತು ವರ್ಷ ನನಗ ಗೊತ್ತಿರಲಿಲ್ಲ ನೋಡು" ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ.

ಭಾದ್ರಪದದಲ್ಲಿ ಹೊಳೆ ಬಂತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಗಂಟೆಗೊಮ್ಮೆ ನೋಡಿ ಹೇಳಿ ಎಂದು ಫೋನು ಬಂದ ದಿನ ನಮ್ಮಲ್ಲಿ ಬಿಸಿಲಿತ್ತು. ಮೋಡವೇ ಇಲ್ಲದ ಆಕಾಶದ ಕೆಳಗೆ ನೀರು ಕೆಂಪಾಗಿ, ಸದ್ದಿಲ್ಲದೆ, ಒಂದೊಂದೇ ಗೀಟನ್ನು ನುಂಗುತ್ತ ಏರಿತು. ಸಂಜೆಯ ಹೊತ್ತಿಗೆ ನನ್ನ ಅಳತೆಯ ಕೊನೆಯ ಕಲ್ಲೂ ಕಾಣದಾಯಿತು. ಕೆಳಗಿನ ಓಣಿಯವರೆಲ್ಲ ಗಂಟುಮೂಟೆ ಕಟ್ಟಿ ಎತ್ತರದ ಶಾಲೆಗೆ ಬಂದರು. ಹೊಲದ ಗುಡಿಸಲುಗಳಲ್ಲಿ ಸಿಕ್ಕಿಕೊಂಡವರನ್ನು ಭೀಮಶಾ ದೋಣಿಯಲ್ಲಿ ತಂದು ತಂದು ಇಳಿಸಿದ. ಶಾಂತಾಬಾಯಿ ಔಷಧದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಎದೆಮಟ್ಟದ ನೀರಿನಲ್ಲಿ ಬಂದರು. ಗೌಡರು ನೆಲದೊಳಗಿನ ಹಗೇವು ತೆಗೆಸಿ, ಕೂಡಿಟ್ಟ ಜೋಳ ಕೊಟ್ಟರು. ಗಂಗಮ್ಮ ಮೇಲಿನ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ಕೀಲುನೋವಿನ ಕಾಲನ್ನು ಮಡಚಿ ಕೂತು, ಇಡೀ ಶಾಲೆಗೆ ಸಾಲುವಷ್ಟು ರೊಟ್ಟಿ ಬಡಿದರು. ಯಾವ ಮನೆಯ ಮಗು ಉಂಡಿಲ್ಲ ಎಂದು ಹೆಸರು ಹಿಡಿದು ಕೇಳುತ್ತಿದ್ದರು. ಶಾಲೆಯ ಮೆಟ್ಟಿಲನ್ನು ಮಾತ್ರ ಹತ್ತಲಿಲ್ಲ.

ನೀರು ಇಳಿದಾಗ ಉಪಕೇಂದ್ರದ ಮಣ್ಣಿನ ಗೋಡೆ ಕುಸಿದಿತ್ತು, ಚಪ್ಪರ ಎಲ್ಲಿಯೋ ಹೋಗಿತ್ತು. ಗೊಂಬೆಗಳು ಉಳಿದಿದ್ದವು, ಶಾಂತಾಬಾಯಿ ಅವನ್ನು ಔಷಧದ ಪೆಟ್ಟಿಗೆಯಲ್ಲೇ ಹಾಕಿಕೊಂಡು ಬಂದಿದ್ದರು. ಆದರೆ ಕೂತು ಆಡಲು ಜಾಗವಿರಲಿಲ್ಲ. ಅಷ್ಟರಲ್ಲಿ ನನ್ನ ಕೆಲಸ ಮುಗಿಯಿತೆಂಬ ಆದೇಶವೂ ಬಂತು.

ನಾನು ಹೊರಡುವ ಮುನ್ನಾದಿನ ಗೌಡರು ಶಾಲೆಯ ಅಂಗಳಕ್ಕೆ ಬಂದರು. ಶಾಂತಾಬಾಯಿ ಸೂಜಿ ಚುಚ್ಚಿಸಿಕೊಳ್ಳುವವರ ಸಾಲನ್ನು ನೋಡುತ್ತಿದ್ದರು.

"ಮಧ್ಯಾಹ್ನ ನಮ್ಮ ಪಡಸಾಲ್ಯಾಗ ಆಡೂಣು. ಮಲ್ಲಣ್ಣ ನಾಳಿ ಹೋಗ್ತಾನ" ಎಂದರು ಗೌಡರು.

ಶಾಂತಾಬಾಯಿ ತಲೆ ಎತ್ತಲಿಲ್ಲ. "ಯಾವ ಬಾಗಲಿಂದ ಬರ್ಬೇಕ್ರಿ ಗೌಡ್ರ?"

ಸಾಲಿನಲ್ಲಿದ್ದವರೆಲ್ಲ ಗೌಡರನ್ನು ನೋಡಿದರು.  "ತಲಿಬಾಗಲಿಂದ" ಎಂದರು ಗೌಡರು. "ಭೀಮಶಾನೂ ಮ್ಯಾಲ ಬಂದು ಜಮಖಾನಿ ಮ್ಯಾಲ ಕುಂದ್ರಲಿ."

ಅಂದು ಮಧ್ಯಾಹ್ನ ನಾಲ್ವರೂ ಒಂದೇ ಜಮಖಾನೆಯ ಮೇಲೆ ಕೂತೆವು. ಶಾಂತಾಬಾಯಿ ಇಸ್ತ್ರಿಯ ಸೀರೆ ಉಟ್ಟು ಬಂದಿದ್ದರು, ಭೀಮಶಾ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ. ಗೌಡರು ಒಳಗೆ ಹೋಗಿ ಚಹಾ ಮಾಡಲು ಹೇಳಿದರು. "ಒಲಿ ನಿಂದು, ಮನಿ ನಿಂದು. ನಾ ಮಾಡಂಗಿಲ್ಲ" ಎಂಬ ಗಂಗಮ್ಮನವರ ದನಿ ನಮಗೂ ಕೇಳಿಸಿತು. ಆಮೇಲೆ ಪಾತ್ರೆಗಳ ಸದ್ದು, ಹೊಗೆ, ಕೆಮ್ಮು. ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂರದ ಗೌಡರು ಕುದಿಯುವ ಹಾಲಿಗೇ ಬೆಲ್ಲ ಹಾಕಿಬಿಟ್ಟಿದ್ದರು. ಹಾಲು ಒಡೆದಿತ್ತು. ಮನೆಮಂದಿ ಕುಡಿಯುವ ಸ್ಟೀಲಿನ ಲೋಟಗಳಲ್ಲಿ ಆ ಒಡೆದ ಚಹಾ ತಂದು ನಮ್ಮ ಮುಂದೆ ಇಟ್ಟು, ಅಪರಾಧಿಯ ಹಾಗೆ ನಿಂತರು.

ಭೀಮಶಾ ಒಂದು ಗುಟುಕು ಕುಡಿದು ಹೊರಗೆ ನೋಡತೊಡಗಿದ. ಶಾಂತಾಬಾಯಿ ಕೊನೆಯ ಹನಿಯವರೆಗೂ ಕುಡಿದರು. ಕುಡಿದು, "ಇದ್ರ ಇನ್ನ ಜರಾ ಕೊಡ್ರಿ" ಎಂದರು. ಆ ಮಳೆಗಾಲದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಟ ಮುಗಿದ ಮೇಲೆ ಗೌಡರು ಲೋಟಗಳನ್ನು ತಾವೇ ಬಚ್ಚಲಿಗೆ ಒಯ್ದರು. ಗಂಗಮ್ಮ ಹಿಂದಿನಿಂದ ಬಂದು ನಿಂತು ನೋಡಿದರು. "ನಿನಗ ಎಲ್ಲಿ ಬರ್ತದ ತಿಕ್ಕಾಕ? ಸರಿ ಆ ಕಡೆ" ಎಂದು ತಮ್ಮನನ್ನು ಸರಿಸಿ, ಬೂದಿ ಹಾಕಿ ಉಜ್ಜಿ ತೊಳೆದರು. ತೊಳೆದ ಲೋಟಗಳನ್ನು ಹಿಡಿದು ಗೂಟದ ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಉಳಿದವುಗಳ ಸಾಲಿನಲ್ಲಿ ಬೋರಲು ಹಾಕಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಅಂದಿನ ಊಟದ ತಟ್ಟೆಗಳು ಮತ್ತೆ ಪಡಸಾಲೆಯಲ್ಲೇ ಇದ್ದವು. ಹಾಗಾಗಿ ಅವರ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯದೆಯೇ ನಾನು ಮರುದಿನ ಬಸ್ಸು ಹತ್ತಿದೆ.

ಆ ಚಳಿಗಾಲದಲ್ಲಿ ಭೀಮಶಾ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕ. ಚಹಾ ಕುಡಿಯುತ್ತ ಊರಿನ ಸುದ್ದಿ ಹೇಳಿದ. ಪಡಸಾಲೆಯ ಆ ಚಹಾದ ಸುದ್ದಿ ಗೌಡರ ಅಫಜಲಪುರದ ಬೀಗರ ಕಿವಿಗೂ ಹೋಗಿತ್ತಂತೆ. ನಾಲ್ಕು ಮಂದಿ ಹಿರಿಯರು ಮಾತಾಡಲು ಬಂದು ಪಡಸಾಲೆಯಲ್ಲಿ ಕೂತರಂತೆ. ಗಂಗಮ್ಮ ರೂಢಿಯಂತೆ ತಂಬಿಗೆಯಲ್ಲಿ ನೀರು ತಂದು ಅವರ ಮುಂದೆ ಇಟ್ಟರಂತೆ.

"ಅವರಂದ್ರು, ಈ ಮನ್ಯಾಗ ಇನ್ನ ನಾವು ನೀರು ಮುಟ್ಟಂಗಿಲ್ಲ ಅಂತ" ಎಂದ ಭೀಮಶಾ.

"ಗಂಗಮ್ಮನವರು ಏನಂದ್ರು?"

"ಏನಂತಾರ್ರಿ. ತಂಬಿಗಿ ತಗೊಂಡು ಒಳಗ ಹೋದ್ರು. ಆ ರಾತ್ರಿ ಗೌಡ್ರ ತಟ್ಟಿ ಮತ್ತ ಅಡಗಿಮನ್ಯಾಗ ಇತ್ತಂತ."